ಬಿಲ್ಲೆ ಬದಲಿಸಿದವನು ನಾನು

ಪುಟ್ಟತಾಯಮ್ಮ ಸೋಲಲಿಲ್ಲ. ನಾನು ಅವಳನ್ನು ಸೋಲಿಸಿದೆ — ಮೋಸ ಮಾಡಿ, ಹಾಡಹಗಲಿನಲ್ಲಿ, ಅವಳಿಂದ ನಾಲ್ಕು ಮೊಳ ದೂರದಲ್ಲಿ ನಿಂತು. ಅವಳಿಗೆ ಕಣ್ಣು ಕಾಣುವುದಿಲ್ಲ ಎಂಬುದೊಂದೇ ಆಗ ನನಗಿದ್ದ ಧೈರ್ಯ.

ಇದನ್ನು ಇಷ್ಟು ನೇರವಾಗಿ ಬರೆಯುವುದಕ್ಕೆ ನಾಲ್ಕು ವರ್ಷ ಹಿಡಿಯಿತು. ಈ ನಾಲ್ಕು ವರ್ಷದಲ್ಲಿ ಮದ್ದೂರು, ಮಂಡ್ಯ, ಮಳವಳ್ಳಿಗಳಲ್ಲಿ ಬೇರೆಯೇ ಮಾತು ಹಬ್ಬಿದೆ. ಯಾರಾದರೂ ಕುಂಟರಿಗೋ ಕಿವುಡರಿಗೋ ಒಂದು ಕೆಲಸ ಕೊಡಿ ಎಂದು ಕೇಳಿದರೆ, ‘ಶಿವಲಿಂಗಪ್ಪನ ಗಿರಣಿಯಲ್ಲಿ ಕುರುಡಿಯೊಬ್ಬಳನ್ನು ಇಟ್ಟುಕೊಂಡು ನೋಡಿದರಲ್ಲ, ಆಗಲಿಲ್ಲ’ ಎನ್ನುತ್ತಾರೆ. ಹಾಗೆ ಹೇಳುವವರು ಸುಳ್ಳುಗಾರರಲ್ಲ. ಅವರು ಕೇಳಿದ್ದನ್ನು ಹೇಳುತ್ತಿದ್ದಾರೆ. ಸುಳ್ಳು ನನ್ನದು.

ಆ ಶಿವಲಿಂಗಪ್ಪ ನಾನೇ. ಮದ್ದೂರಿನಲ್ಲಿ ಶಿಂಷಾ ಹೊಳೆಗೆ ಇಳಿಯುವ ದಾರಿಯಲ್ಲಿ ನಮ್ಮ ತಂದೆ ಕಟ್ಟಿಸಿದ ಅಕ್ಕಿ ಗಿರಣಿಯಿದೆ. ಯುದ್ಧದ ಕಾಲ. ಭತ್ತದಲ್ಲಿ ಹೆಚ್ಚಿನದು ಲೆವಿಗೆ, ಎಂದರೆ ಕಡ್ಡಾಯ ಖರೀದಿಗೆ, ಸರ್ಕಾರದ ಡಿಪೋಗೆ ಹೋಗುತ್ತಿತ್ತು. ಒಂದು ಬೆಳಿಗ್ಗೆ ನಾರಾಯಣಯ್ಯ ಮೇಷ್ಟ್ರು ನನ್ನನ್ನು ಹುಡುಕಿಕೊಂಡು ಬಂದರು. ಅವರು ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ಟರಾಗಿದ್ದು ನಿವೃತ್ತರಾದವರು. ಕಣ್ಣಿಲ್ಲದವರು, ಕೈಕಾಲು ಊನವಾದವರು, ಮಾತು ಬಾರದವರು — ಇಂಥವರಿಗೆ ಏನಾದರೂ ಕೆಲಸ ಕಲಿಸಬೇಕು ಎಂದು ಸ್ವಂತ ಮನೆಯ ಜಗಲಿಯಲ್ಲೇ ಒಂದು ಶಾಲೆಯಂಥದ್ದನ್ನು ನಡೆಸುತ್ತಿದ್ದರು.

“ನಾನು ಇಷ್ಟು ದಿನ ದಡ್ಡ ಕೆಲಸ ಮಾಡಿದೆ, ಶಿವಲಿಂಗಪ್ಪನವರೇ,” ಎಂದರು ಕೂತ ಕೂಡಲೇ. “ಎರಡು ವರ್ಷ ಇವರಿಗೆಲ್ಲ ಬುಟ್ಟಿ ಹೆಣೆಯುವುದು ಕಲಿಸಿದೆ. ಚೆನ್ನಾಗಿ ಹೆಣೆದರು. ಯಾರಿಗೂ ಬುಟ್ಟಿ ಬೇಕಾಗಿರಲಿಲ್ಲ. ನಮ್ಮ ಜಗಲಿ ತುಂಬ ಬುಟ್ಟಿ. ಕಲಿಸುವುದಕ್ಕೆ ಮೊದಲು ಕೆಲಸ ಕೊಡುವವರನ್ನು ಒಂದು ಮಾತು ಕೇಳಬೇಕಾಗಿತ್ತು. ಈಗ ಕೇಳುವುದಕ್ಕೆ ಬಂದಿದ್ದೇನೆ. ನಿಮಗೆ ಎಂಥವರು ಬೇಕು? ನೀವು ಹೇಳಿ. ಹಾಗೆ ತಯಾರು ಮಾಡೋಣ.”

ಅದುವರೆಗೆ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಚಂದಾ ಕೇಳಿದ್ದರು, ಸಭೆಗೆ ಬಂದು ಹಾರ ಹಾಕಿಸಿಕೊಳ್ಳಿ ಎಂದು ಕರೆದಿದ್ದರು. ನಿಮಗೆ ಗೊತ್ತಿರುವುದು ನಮಗೆ ಬೇಕು ಎಂದು ಕೇಳಿದವರು ಅವರೊಬ್ಬರೇ. ನಾನು ಉಬ್ಬಿದೆ — ಈಗ ನಿಜ ಹೇಳುತ್ತಿದ್ದೇನೆ, ಕರುಣೆಯಿಂದ ಎದ್ದು ಅವರ ಜೊತೆ ಹೋಗಲಿಲ್ಲ. ಉಬ್ಬಿ ಹೋದೆ.

ಗಿರಣಿಯನ್ನೆಲ್ಲ ಅವರ ಜೊತೆ ಸುತ್ತಿದೆ. ಒಂದೊಂದು ಕೆಲಸದ ಮುಂದೆಯೂ ನಿಂತು ಅವರು, “ಇದಕ್ಕೆ ಕಣ್ಣು ಬೇಕೇ? ಕಿವಿ ಬೇಕೇ? ಎರಡು ಕಾಲೂ ಬೇಕೇ?” ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಬೇಕು ಎಂದು ನಾನು ಹೇಳಿದ ಕಡೆಯೆಲ್ಲ “ಯಾಕೆ?” ಎನ್ನುತ್ತಿದ್ದರು. ಹಾಗೆ ಕೇಳಿದಾಗಲೇ ನನಗೂ ಗೊತ್ತಾಗಿದ್ದು, ಅರ್ಧಕ್ಕರ್ಧ ಕೆಲಸಕ್ಕೆ ನಾನು ಅಭ್ಯಾಸಬಲದಿಂದ ಬೇಕು ಎನ್ನುತ್ತಿದ್ದೆ ಎಂದು. ಭತ್ತ ಹರವುವ ಕಣಕ್ಕೆ ಬಂದೆವು. ಭತ್ತ ಸರಿಯಾಗಿ ಒಣಗಿದ್ದರೆ ಹೊಟ್ಟು ಬಿಡಿಸುವ ಹಲ್ಲರಿನಲ್ಲಿ ಇಡೀ ಅಕ್ಕಿ ಬೀಳುತ್ತದೆ, ಹಸಿಯಿದ್ದರೆ ನುಚ್ಚಾಗುತ್ತದೆ, ಯಂತ್ರವೂ ಕಟ್ಟಿಕೊಳ್ಳುತ್ತದೆ ಎಂದು ಹೇಳಿದೆ.

“ಒಣಗಿದ್ದು ಹೇಗೆ ಗೊತ್ತಾಗುತ್ತದೆ?”

“ಕೈಯಲ್ಲಿ ಹಿಡಿದು ಉಜ್ಜಿ ನೋಡುತ್ತೇವೆ. ಕಾಳು ಕಚ್ಚಿ ನೋಡುತ್ತೇವೆ.”

“ಕಣ್ಣು ಮುಚ್ಚಿಕೊಂಡೂ ಆಗುತ್ತದೆ ಅಂತಾಯಿತು,” ಎಂದು ಅವರು ನಕ್ಕರು.

ಅಲ್ಲಿಂದ ಶುರುವಾಯಿತು. ತಿಂಗಳಿಗೊಂದು ಸಲ ಮದ್ದೂರು ಸ್ಟೇಷನ್ನಿನ ಹತ್ತಿರದ ಭಟ್ಟರ ಹೋಟೆಲಿನ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದೆವು — ಮೇಷ್ಟ್ರು, ನಾನು, ಹೋಟೆಲಿನ ಭಟ್ಟರು, ಮಂಡ್ಯದಲ್ಲಿ ಮೋಟಾರು ರಿಪೇರಿ ಮಾಡುವ ಅಬ್ದುಲ್ ಸಾಹೇಬರು. ಕೆಲಸ ಕಲಿಸುವುದು ಜಗಲಿಯಲ್ಲಲ್ಲ, ಕೆಲಸದ ಜಾಗದಲ್ಲೇ ಆಗಬೇಕು. ಮೊದಲ ತಿಂಗಳು ಅನುಭವವಿರುವ ಆಳೊಬ್ಬ ಜೊತೆಗಿರಬೇಕು. ಏನು ಎಡವಟ್ಟಾಯಿತೆಂದು ಮಾಲೀಕ ವಾರವಾರವೂ ಮೇಷ್ಟ್ರಿಗೆ ಹೇಳಬೇಕು. ಮನುಷ್ಯನನ್ನು ಬದಲಿಸುವ ಮೊದಲು ಜಾಗವನ್ನು ಬದಲಿಸಲಾಗುತ್ತದೆಯೇ ಎಂದು ನೋಡಬೇಕು — ಹೀಗೆ ನಿಯಮಗಳನ್ನು ನಾವೇ ಕೂತು ಮಾಡಿದೆವು. ಭಟ್ಟರು ರುಬ್ಬುವ ಕಲ್ಲಿನ ಎತ್ತರ ಬದಲಿಸಿ ಕಾಲಿಲ್ಲದವನೊಬ್ಬನನ್ನು ಇಟ್ಟುಕೊಂಡರು. ಸಾಹೇಬರು ಕಿವುಡ ಫಿಟ್ಟರೊಬ್ಬನನ್ನು ತೆಗೆದುಕೊಂಡರು.

ಒಂದು ನಿಯಮ ನನ್ನದು. ಕೆಲಸ ಬರುತ್ತದೋ ಇಲ್ಲವೋ ಎಂಬುದರಲ್ಲಿ ಮಾಲೀಕನ ಮಾತೇ ಕೊನೆಯದಾಗಬೇಕು ಎಂದೆ. ಅಬ್ದುಲ್ ಸಾಹೇಬರು ಮಾತ್ರ ಚಹದ ಲೋಟ ಕೆಳಗಿಟ್ಟು, “ಮತ್ತೆ ಕೆಲಸ ಮಾಡೋರ ಮಾತು?” ಎಂದರು. ಮೇಷ್ಟ್ರು ಯೋಚಿಸಿದರು. ಮಾಲೀಕರು ಬರುವುದೇ ಕಷ್ಟ, ಬಂದವರನ್ನು ನಂಬಬೇಕು ಎಂದು ನನ್ನ ಮಾತನ್ನೇ ಬರೆದುಕೊಂಡರು. ನಂಬಿದರು.

ನನ್ನ ಗಿರಣಿಗೆ ಬಂದವಳು ಪುಟ್ಟತಾಯಮ್ಮ. ಮಳವಳ್ಳಿ ಕಡೆಯ ಬೆಳಕವಾಡಿಯವಳು. ಅವಳ ತಾಯಿ ಮಾದಮ್ಮ ಎಷ್ಟೋ ವರ್ಷದಿಂದ ನಮ್ಮ ಕಣ ಗುಡಿಸಿಕೊಂಡು ಗಿರಣಿಯ ಹಿಂದಿನ ಗುಡಿಸಲಿನಲ್ಲೇ ಇದ್ದಳು. ಮಗಳಿಗೆ ಮದುವೆಯಾದ ಮೇಲೆ ಸಿಡುಬು ಬಂದು ಎರಡು ಕಣ್ಣೂ ಹೋದವು, ಗಂಡ ಬಿಟ್ಟ, ತಾಯಿಯ ಹತ್ತಿರ ಬಂದಿದ್ದಳು. ಮೂವತ್ತರ ಆಚೀಚಿನ ವಯಸ್ಸು. ಗದ್ದೆ ಕೆಲಸದಲ್ಲಿ ಬೆಳೆದವಳು. ಅವಳಿಗಾಗಿ ಗುಡಿಸಲಿನಿಂದ ಕಣದವರೆಗೆ, ಕಣದಿಂದ ಗೋದಾಮಿನವರೆಗೆ ಸೊಂಟದ ಎತ್ತರಕ್ಕೆ ಒಂದು ಹಗ್ಗ ಕಟ್ಟಿಸಿದೆ. ಆ ಯೋಚನೆಯೂ ನನ್ನದೇ. ಹಗ್ಗವನ್ನು ಎಡಗೈಯಲ್ಲಿ ಹಿಡಿದು ಅವಳು ಸರಸರನೆ ನಡೆಯುವುದನ್ನು ನೋಡಿ ಬಂದವರಿಗೆಲ್ಲ ತೋರಿಸುತ್ತಿದ್ದೆ.

ಅವಳ ಕೈಯಂಥ ಕೈಯನ್ನು ನಾನು ನೋಡಿಲ್ಲ. ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಸ್ವಲ್ಪ ಸ್ವಲ್ಪವಾಗಿ ತಗಡಿನ ಮೇಲೆ ಬಿಡುತ್ತಿದ್ದಳು. ಬೀಳುವ ಸದ್ದು ಕೇಳಿ, “ಇನ್ನೊಂದು ಬಿಸ್ಲು ಬೇಕು ಬುದ್ದಿ,” ಎನ್ನುತ್ತಿದ್ದಳು. ಅಥವಾ, “ಇದ ಆಕ್ಬುಡಿ.” ಮೊದಲ ವಾರವೆಲ್ಲ ಅವಳ ಹಿಂದೆ ನಾನೂ ಕಚ್ಚಿ ನೋಡುತ್ತಿದ್ದೆ. ಆಮೇಲೆ ಬಿಟ್ಟೆ. ಆ ಸುಗ್ಗಿಯಲ್ಲಿ ನಮ್ಮ ಹಲ್ಲರು ಒಂದು ದಿನವೂ ಕಟ್ಟಿಕೊಳ್ಳಲಿಲ್ಲ. ಮೇಷ್ಟ್ರಿಗೆ ಇದನ್ನೆಲ್ಲ ಹೇಳಿದೆ. ಅವರು ಬರೆದುಕೊಂಡರು.

ಮುಂದಿನದನ್ನು ಬರೆಯುವಾಗ ಏನನ್ನೂ ಬಿಡುವುದಿಲ್ಲ.

ಡಿಪೋಗೆ ಹೋಗುವ ಭತ್ತಕ್ಕೆ ನೀರು ಹೊಯ್ಯಿಸುತ್ತಿದ್ದೆ. ತೂಕ ಬರಲಿ ಎಂದು. ನಾನೊಬ್ಬನೇ ಅಲ್ಲ ಎಂದು ಹೇಳಬಹುದು, ಹೇಳುವುದಿಲ್ಲ. ರಾಶಿಯ ನಡುವೆ ಗುಳಿ ಮಾಡಿ ಹೊಯ್ದು, ಮೇಲೆ ಒಣಗಿದ್ದನ್ನು ಮುಚ್ಚಿಸಿದರೆ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಡಿಪೋದ ರಾಶಿಯನ್ನು ಪುಟ್ಟತಾಯಮ್ಮ ಮುಟ್ಟುವುದು ಬೇಡ ಎಂದು ಆಳುಗಳ ಮೇಸ್ತ್ರಿಗೆ ಹೇಳಿದ್ದೆ. ಒಂದು ದಿನ ಆ ಮೇಸ್ತ್ರಿ ಯಾವುದೋ ಮದುವೆಗೆ ಹೋಗಿದ್ದ. ಮೇಷ್ಟ್ರು ಬಂದಿದ್ದರು. ನಾವಿಬ್ಬರೂ ಕಣದ ಅಂಚಿನಲ್ಲಿ ಮಾತಾಡುತ್ತ ನಿಂತಿದ್ದಾಗ ಪುಟ್ಟತಾಯಮ್ಮ ತಾನಾಗಿಯೇ ಆ ರಾಶಿಯ ಹತ್ತಿರ ಹೋಗಿ ಕೂತಳು. ಕೈ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು.

“ಬುದ್ದಿ,” ಎಂದು ಕೂಗಿದಳು. “ಯಾರೋ ನಿಮ್ಗೆ ಮೋಸ ಮಾಡವ್ರೆ. ಮ್ಯಾಲೆ ಒಣಗ್ಕಂಡದೆ. ಒಳೀಕೆ ನೀರು ಉಯ್ದವ್ರೆ.”

“ಇಬ್ಬನಿ ಬಿದ್ದಿರಬೇಕು ಬಿಡು,” ಎಂದೆ.

“ಇಬ್ಬನಿ ಮ್ಯಾಲಿಂದ ಬತ್ತದೆ ಬುದ್ದಿ. ಇದು ಒಳೀಕಿಂದ ಬಂದದೆ.”

ಚೀಲ ಹೊರುವ ಆಳುಗಳು ಮುಖ ತಿರುಗಿಸಿಕೊಂಡರು. ಅವರಿಗೆ ಗೊತ್ತಿತ್ತು. ಮೇಷ್ಟ್ರು ನನ್ನ ಮುಖ ನೋಡಿದರು. ಒಂದು ಗಳಿಗೆಯಲ್ಲಿ ಅವರಿಗೂ ಗೊತ್ತಾಯಿತು. ಅವಳಿಗೆ ಮಾತ್ರ ಗೊತ್ತಿರಲಿಲ್ಲ. ಬುದ್ದಿಯವರ ಅನ್ನ ತಿನ್ನುತ್ತಿದ್ದೇನೆ, ಅವರಿಗೆ ಯಾರೋ ಮೋಸ ಮಾಡುತ್ತಿದ್ದಾರೆ, ತಿಳಿಸಬೇಕು — ಇಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಮೇಷ್ಟ್ರು ಗದರಿಸಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೇನೋ. ಅವರು ತಗ್ಗಿದ ದನಿಯಲ್ಲಿ, “ಇವತ್ತು ಬಿಸಿಲು ಚೆನ್ನಾಗಿದೆ. ಮತ್ತೆ ಹರವಿಸಿಬಿಡಿ, ಶಿವಲಿಂಗಪ್ಪನವರೇ,” ಎಂದಷ್ಟೇ ಹೇಳಿ ಹೊರಟುಹೋದರು. ಆಮೇಲೆ ಎಂದೂ ಆ ಮಾತೆತ್ತಲಿಲ್ಲ.

ಅವರನ್ನು ದ್ವೇಷಿಸಲು ನನ್ನಿಂದ ಆಗಲಿಲ್ಲ. ಅವಳನ್ನು ದ್ವೇಷಿಸಿದೆ.

ಮೊದಲು ಹಗ್ಗ ಬಿಚ್ಚಿಸಿದೆ. ಗಾಡಿ ತಿರುಗಿಸಲು ಅಡ್ಡವಾಗುತ್ತದೆ ಎಂದು ಆಳುಗಳಿಗೆ ಕಾರಣ ಹೇಳಿದೆ. ಅವಳಿಗೆ ಯಾರೂ ತಿಳಿಸಲಿಲ್ಲ. ತಿಳಿಸಬೇಡಿ ಎಂದು ನಾನು ಹೇಳಲಿಲ್ಲ, ತಿಳಿಸಿ ಎಂದೂ ಹೇಳಲಿಲ್ಲ. ಬೆಳಿಗ್ಗೆ ಗುಡಿಸಲಿನಿಂದ ಹೊರಬಂದವಳು ಎಡಗೈ ಚಾಚಿದಳು. ಗಾಳಿಯಲ್ಲಿ ತಡವಿದಳು. ಇನ್ನೂ ಎರಡು ಹೆಜ್ಜೆ ಮುಂದಿಟ್ಟು ತಡವಿದಳು. ಆಮೇಲೆ ಅಂದಾಜಿನ ಮೇಲೆ ನಡೆಯಲು ಹೊರಟು ಚರಂಡಿಯ ಕಲ್ಲಿಗೆ ಎಡವಿ ಮುಂದಕ್ಕೆ ಬಿದ್ದಳು. ಒಬ್ಬಿಬ್ಬರು ನಕ್ಕರು. ನಾನು ಆಫೀಸಿನ ಕಿಟಕಿಯಲ್ಲಿ ನಿಂತಿದ್ದೆ. ಅವಳು ಎದ್ದು ಮೊಣಕಾಲು ಒರೆಸಿಕೊಂಡು, ಯಾರನ್ನೂ ಏನೂ ಕೇಳದೆ, ಕಾಲಿನಲ್ಲಿ ನೆಲ ಸವರುತ್ತ ಕಣಕ್ಕೆ ಹೋದಳು. ಸಾಯಂಕಾಲದ ಹೊತ್ತಿಗೆ ಹಗ್ಗವಿಲ್ಲದ ದಾರಿಯನ್ನೂ ಕಲಿತುಬಿಟ್ಟಿದ್ದಳು. ಅದನ್ನು ಕಂಡು ನನಗೆ ಇನ್ನಷ್ಟು ಉರಿಯಿತು.

ಅಷ್ಟು ಹೊತ್ತಿಗೆ ನಮ್ಮ ಕೆಲಸದ ಸುದ್ದಿ ತಾಲ್ಲೂಕಿನ ಅಮಲ್ದಾರರವರೆಗೆ ಹೋಗಿತ್ತು. ಮೂರು ತಾಲ್ಲೂಕಿನ ಗಿರಣಿ, ಹೋಟೆಲು, ವರ್ಕ್‌ಶಾಪುಗಳನ್ನೆಲ್ಲ ಸೇರಿಸಿ ಇದನ್ನು ಬೆಳೆಸಬಹುದು, ಮೇಲಕ್ಕೆ ಶಿಫಾರಸು ಬರೆಯುತ್ತೇನೆ, ಮೊದಲು ಒಮ್ಮೆ ಕಣ್ಣಾರೆ ನೋಡುತ್ತೇನೆ ಎಂದು ಅವರು ಹೇಳಿಕಳಿಸಿದರು. ಮೇಷ್ಟ್ರ ಪಟ್ಟಿಯಲ್ಲಿ ಆಗ ಇನ್ನೂ ಹನ್ನೊಂದು ಜನ ಕಾದಿದ್ದರು. ಅವರ ಹೆಸರನ್ನೆಲ್ಲ ಮೇಷ್ಟ್ರು ನನಗೆ ಓದಿ ಹೇಳಿದ್ದರು. ಯಾರಿಗೆ ಯಾವ ಕೆಲಸ ಹೊಂದುತ್ತದೆಂದು ನಾವಿಬ್ಬರೂ ಕೂತು ಯೋಚಿಸಿದ್ದೆವು. ಆದ್ದರಿಂದ ಗೊತ್ತಿಲ್ಲದೆ ಮಾಡಿದೆ ಎನ್ನುವಂತಿಲ್ಲ.

ಪರೀಕ್ಷೆ ಮಾಡೋಣ ಎಂದವನು ನಾನು. ಮೇಷ್ಟ್ರು ಅನುಮಾನಿಸಿದರು. “ದಿನಾ ಮಾಡುವ ಕೆಲಸವನ್ನೇ ಅವರು ನೋಡಲಿ. ಪರೀಕ್ಷೆ ಯಾಕೆ?” ಎಂದರು. ಹಾಗೆ ತೋರಿಸಿದರೆ ಬೇರೆ ಮಾಲೀಕರು ನಂಬುವುದಿಲ್ಲ, ಕೆಲಸ ಕೊಡುವವನಾಗಿ ಹೇಳುತ್ತಿದ್ದೇನೆ ಎಂದೆ. ಕೆಲಸ ಕೊಡುವವನಾಗಿ — ಆ ಮಾತೇ ಕೊನೆಯದೆಂದು ಅವರೇ ಬರೆದುಕೊಂಡಿದ್ದರು.

ಆರು ಚೀಲ ಭತ್ತ ಇಡಿಸಿದೆ. ಮೂರು ಚೆನ್ನಾಗಿ ಒಣಗಿದ್ದು, ಮೂರು ಹಸಿ. ಒಂದೊಂದರ ಕೊರಳಿಗೂ ನಂಬರು ಕೊರೆದ ತಗಡಿನ ಬಿಲ್ಲೆಯನ್ನು ಸೆಣಬಿನ ಹುರಿಯಲ್ಲಿ ಕಟ್ಟಿಸಿದೆ. ಅಮಲ್ದಾರರು ಬಂದರು, ಗುಮಾಸ್ತರು ಬಂದರು, ಮೇಷ್ಟ್ರು, ಭಟ್ಟರು, ಸಾಹೇಬರು, ಇನ್ನೂ ಕೆಲವು ಗಿರಣಿಯವರು ಬಂದರು. ಪುಟ್ಟತಾಯಮ್ಮ ತಲೆ ಬಾಚಿ, ಒಗೆದ ಸೀರೆ ಉಟ್ಟು ಬಂದಿದ್ದಳು. ಮಾದಮ್ಮ ಬಾಗಿಲಿನಾಚೆ ನಿಂತಿದ್ದಳು. ಒಂದೊಂದು ಚೀಲಕ್ಕೂ ಕೈ ಹಾಕಿ ಪುಟ್ಟತಾಯಮ್ಮ ಹೇಳುತ್ತ ಹೋದಳು — ಇದು ಒಣಗ್ಕಂಡದೆ, ಇದು ಅಸಿ, ಇದು ಅಸಿ. ಗುಮಾಸ್ತರು ನಂಬರಿನ ಮುಂದೆ ಬರೆದುಕೊಂಡರು. ಆರಕ್ಕೆ ಆರೂ ಸರಿ. ಅದು ಅಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಹಲ್ಲರಿಗೆ ಹಾಕಿ ನೋಡುವ ಮೊದಲು ಕಾಫಿ ಆಗಲಿ ಎಂದು ಎಲ್ಲರನ್ನೂ ಆಫೀಸಿಗೆ ಕಳಿಸಿದೆ. ಆಳುಗಳನ್ನು ಊಟಕ್ಕೆ ಬಿಟ್ಟೆ. ಹಲ್ಲರಿನ ಬೆಲ್ಟು ನೋಡಿಬರುತ್ತೇನೆ ಎಂದು ಹೇಳಿ ನಾನು ವಾಪಸು ಬಂದೆ.

ಅವಳು ಚೀಲಗಳ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಹೊರಗೆ ಹೋಗಿರುತ್ತಾಳೆ ಎಂದುಕೊಂಡಿದ್ದೆ. ಒಂದು ಗಳಿಗೆ ನಿಂತೆ. ಆಮೇಲೆ ನನ್ನ ಮನಸ್ಸು ಹೇಳಿತು — ಯಾರಿದ್ದಾರೆ ಇಲ್ಲಿ, ಯಾರೂ ಇಲ್ಲ. ಈ ಮಾತನ್ನು ಇದ್ದ ಹಾಗೇ ಬರೆಯಬೇಕು. ಒಬ್ಬ ಹೆಂಗಸು ನನ್ನ ಮುಂದೆ ಕೂತಿದ್ದಾಗ ಇಲ್ಲಿ ಯಾರೂ ಇಲ್ಲ ಎಂದುಕೊಂಡೆ. ಚಪ್ಪಲಿ ಕಳಚಿಟ್ಟು, ಮೊದಲನೆಯ ಚೀಲದ ಬಿಲ್ಲೆ ಬಿಚ್ಚಿ ಎರಡನೆಯದಕ್ಕೆ, ಎರಡನೆಯದನ್ನು ಮೊದಲನೆಯದಕ್ಕೆ ಕಟ್ಟಿದೆ. ಆಮೇಲೆ ಉಳಿದ ನಾಲ್ಕನ್ನೂ ಹಾಗೆಯೇ, ಒಣಗಿದ್ದರ ಬಿಲ್ಲೆ ಹಸಿಯದಕ್ಕೆ, ಹಸಿಯದರದು ಒಣಗಿದ್ದಕ್ಕೆ. ತಗಡು ತಗಡಿಗೆ ತಾಗಿ ಸಣ್ಣಗೆ ಸದ್ದಾಯಿತು.

ಅವಳು ಮುಖ ಎತ್ತಿದಳು.

“ಯಾರು? ಬುದ್ದಿಯವ್ರಾ?”

ನಾನು ಮಾತಾಡಲಿಲ್ಲ. ಉಸಿರು ಬಿಗಿಹಿಡಿದು ನಿಂತೆ. ಅವಳು ನನ್ನ ಕಡೆಗೇ ಮುಖ ಮಾಡಿ ಕಾದಳು. ನಾನು ಎಷ್ಟು ಹೊತ್ತು ನಿಂತಿದ್ದೆನೋ ಅಷ್ಟು ಹೊತ್ತೂ ಆ ಮುಖ ನನ್ನ ಕಡೆಗೇ ಇತ್ತು. ಆಮೇಲೆ ನಿಧಾನವಾಗಿ ತಲೆ ತಗ್ಗಿಸಿಕೊಂಡಳು. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದೆ. ಆಫೀಸಿಗೆ ಹೋಗಿ ಅಮಲ್ದಾರರ ಪಕ್ಕ ಕೂತು ಉಪ್ಪಿಟ್ಟು ತಿಂದೆ.

ಹಲ್ಲರು ಓಡಿತು. ಅವಳು ಒಣಗಿದೆ ಎಂದ ನಂಬರಿನಲ್ಲಿ ನುಚ್ಚು ಬಿತ್ತು. ಹಸಿ ಎಂದದ್ದರಲ್ಲಿ ಮುತ್ತಿನಂಥ ಅಕ್ಕಿ ಬಿತ್ತು. ಆರಕ್ಕೆ ಆರೂ ತಪ್ಪು. ಎರಡೋ ಮೂರೋ ತಪ್ಪಾಗಿದ್ದರೆ ಸಾಕಾಗಿತ್ತು, ಆದರೂ ನಾನು ಒಂದನ್ನೂ ಬಿಟ್ಟಿರಲಿಲ್ಲ. ಗಿರಣಿಯವರೊಬ್ಬರು, “ತಿರುವುಮುರುವು ಹೇಳ್ತಾಳಲ್ಲ, ಅದೂ ಒಂದು ವಿದ್ಯೆಯೇ,” ಎಂದರು. ನಗೆ ಎದ್ದಿತು. ಅಮಲ್ದಾರರು ನಗಲಿಲ್ಲ, ಗಡಿಯಾರ ನೋಡಿಕೊಂಡರು.

ಪುಟ್ಟತಾಯಮ್ಮ ಎದ್ದು ನಿಂತಳು.

“ಸ್ವಾಮಿ, ನನ್ ಕೈ ತಪ್ಪು ಯೋಳಿಲ್ಲ. ನೀವೆಲ್ಲ ಅತ್ಲಾಗೋದ್ಮೇಲೆ ಯಾರೋ ಬಂದು ತಗಡು ಬಿಚ್ಚಿ ಕಟ್ಟುದ್ರು. ನಂಗೆ ಕೇಳ್ತು.”

ಅಮಲ್ದಾರರು, “ಯಾರು?” ಎಂದರು.

ಆ ಕ್ಷಣದಲ್ಲಿ ನನಗಾದದ್ದನ್ನು ಬರೆಯಲಾರೆ. ಅವಳು ನನ್ನ ಕಡೆ ತಿರುಗಲಿಲ್ಲ. ಬಾಗಿಲಿನ ಕಡೆ ತಿರುಗಿದಳು. ಅಲ್ಲಿ ಅವಳ ತಾಯಿ ಪೊರಕೆ ಹಿಡಿದು ನಿಂತಿದ್ದಳು.

“ಗೊತ್ತಿಲ್ಲ ಸ್ವಾಮಿ,” ಎಂದಳು. “ನಂಗೆ ಕಣ್ಣಿಲ್ವಲ್ಲ.”

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ನಾನು ಬರೀ ಮೋಸಗಾರ ಮಾತ್ರ ಆಗಿರುತ್ತಿದ್ದೆ. ನಾನು ಎದ್ದು ನಿಂತು ಭಾಷಣ ಮಾಡಿದೆ. “ಸೋತವರು ಏನಾದರೂ ಹೇಳಲೇಬೇಕಲ್ಲ. ಇವರ ಮೇಲೆ ನನಗೂ ಕನಿಕರವಿದೆ. ಕನಿಕರವಿದ್ದದ್ದಕ್ಕೇ ಇಷ್ಟು ದಿನ ಇವಳ ತಪ್ಪನ್ನೆಲ್ಲ ಮುಚ್ಚಿಟ್ಟುಕೊಂಡು ಬಂದೆ. ಆದರೆ ಕನಿಕರ ಬೇರೆ, ಕೆಲಸ ಬೇರೆ,” ಎಂದೆ. ಗಿರಣಿಯವರು ತಲೆದೂಗಿದರು. ಅವಳು ಅಷ್ಟನ್ನೂ ನಿಂತೇ ಕೇಳಿಸಿಕೊಂಡಳು. ಕೇಳಿಸಿಕೊಂಡು ಗೋಡೆ ಹಿಡಿದು ಹೊರಗೆ ಹೋದಳು. ಅವಳ ಕೆಲಸವೂ ಶಿಫಾರಸೂ ಅಲ್ಲಿಗೇ ನಿಂತವು.

ಮಾರನೆಯ ದಿನ ಮೇಷ್ಟ್ರು ಬಂದರು. ಅವರಿಗೆ ಅನುಮಾನ ಬಂದಿರಲೇಬೇಕು ಎಂದುಕೊಂಡು ಉತ್ತರಗಳನ್ನೆಲ್ಲ ಹೊಂದಿಸಿಟ್ಟುಕೊಂಡಿದ್ದೆ. ಅವರು ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು, “ನಿಮ್ಮನ್ನು ನಾನು ಕೇಳಬೇಕಾದ ರೀತಿಯಲ್ಲಿ ಕೇಳಲಿಲ್ಲವೇನೋ. ನಿಮ್ಮ ಕಷ್ಟವನ್ನು ನೀವು ನನ್ನ ದಾಕ್ಷಿಣ್ಯಕ್ಕೆ ಹೇಳದೆ ಉಳಿದಿರೇನೋ. ಎಲ್ಲಿ ತಪ್ಪಿದೆ ಹೇಳಿ,” ಎಂದರು. ಡಿಪೋದ ರಾಶಿಯನ್ನು ಕಂಡಿದ್ದ ಮನುಷ್ಯ. ಆದರೂ ಇಂಥದ್ದನ್ನು ನಾನು ಮಾಡಬಹುದೆಂದು ಅವರ ಮನಸ್ಸಿಗೆ ಹೊಳೆಯಲಿಲ್ಲ — ಅಥವಾ ಹೊಳೆದದ್ದನ್ನು ಅವರು ದೂರ ತಳ್ಳಿದರೋ. ನಾನು, “ಹೌದು ಮೇಷ್ಟ್ರೇ, ಸ್ವಲ್ಪ ಆತುರವಾಯಿತು,” ಎಂದೆ. ಅವರು ಅದನ್ನೂ ಬರೆದುಕೊಂಡರು. ಮರುವರ್ಷ ತೀರಿಕೊಂಡರು. ಕೊನೆಯವರೆಗೂ ತಪ್ಪು ತಮ್ಮದೇ ಎಂದುಕೊಂಡಿದ್ದರೆಂದು ಅವರ ಮಗಳು ಹೇಳಿದಳು.

ಶಿವಲಿಂಗಪ್ಪನವರಲ್ಲೇ ಆಗದಿದ್ದ ಮೇಲೆ ನಮ್ಮಲ್ಲಿ ಹೇಗೆ ಎಂದು ಭಟ್ಟರು ರುಬ್ಬುವವನನ್ನು ಬಿಡಿಸಿದರು. ಅವನು ಕೆಲಸದಲ್ಲಿ ಏನೂ ತಪ್ಪಿರಲಿಲ್ಲ. ಸಾಹೇಬರನ್ನೂ ಯಾರೋ ಕೇಳಿದರಂತೆ. “ನನ್ನ ಫಿಟ್ಟರು ಪರೀಕ್ಷೆ ಕೊಡೋದಿಲ್ಲ, ಗಾಡಿ ರಿಪೇರಿ ಮಾಡ್ತಾನೆ,” ಎಂದರಂತೆ. ಆ ಕಿವುಡ ಫಿಟ್ಟರು ಈಗಲೂ ಅಲ್ಲೇ ಇದ್ದಾನೆ. ಹನ್ನೊಂದು ಜನ ಏನಾದರೆಂದು ನಾನು ವಿಚಾರಿಸಲಿಲ್ಲ.

ಇನ್ನೊಂದಿದೆ. ಪುಟ್ಟತಾಯಮ್ಮ ಬಾಯಿ ಬಿಡದೆ ಉಳಿದದ್ದು ತಾಯಿಯ ಕೆಲಸ ಉಳಿಯಲಿ ಎಂದು. ಅದು ನನಗೆ ಆಗಲೇ ಅರ್ಥವಾಗಿತ್ತು. ಅರ್ಥವಾಗಿಯೂ, ತಿಂಗಳೊಳಗೆ ಮಾದಮ್ಮನನ್ನು ಕೆಲಸದಿಂದ ತೆಗೆದೆ. ದಿನಾ ಬೆಳಿಗ್ಗೆ ಅವಳು ಕಣ ಗುಡಿಸುವ ಸದ್ದು ಕೇಳಲು ನನ್ನಿಂದಾಗುತ್ತಿರಲಿಲ್ಲ. ವಯಸ್ಸಾಯಿತು, ಊರಿಗೆ ಹೋಗಿ ಸುಖವಾಗಿರು ಎಂದೆ. ಅವಳು ನನ್ನ ಕಾಲಿಗೆ ಬಿದ್ದಳು. ತಾಯಿ ಮಗಳು ಗಂಟು ಹೊತ್ತು ಮಳವಳ್ಳಿ ಬಸ್ಸಿಗೆ ಹೋದರು.

ಇಷ್ಟಾದ ಮೇಲೂ ನಾನು ಚೆನ್ನಾಗಿಯೇ ಉಂಡು ಮಲಗಿ ಎದ್ದುಕೊಂಡಿದ್ದೆ. ಪಶ್ಚಾತ್ತಾಪ ನನ್ನನ್ನು ಹಿಂಡುತ್ತಿತ್ತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಹೋದ ತಿಂಗಳು ಮಂಡ್ಯದಿಂದ ಇಬ್ಬರು ಬಂದರು. ಯುದ್ಧ ಮುಗಿದು ಕೈಕಾಲು ಕಳೆದುಕೊಂಡು ಬಂದ ಸಿಪಾಯಿಗಳು ನಮ್ಮ ಹಳ್ಳಿಗಳಲ್ಲಿ ಸಾಕಷ್ಟು ಜನ ಇದ್ದಾರೆ; ಅವರಿಗೆ, ಜೊತೆಗೆ ಇತರ ಅಂಗವಿಕಲರಿಗೂ ಸೇರಿಸಿ ಕೆಲಸದ ಏರ್ಪಾಡು ಮಾಡಲು ಒಂದು ಸಮಿತಿಯಾಗುತ್ತಿದೆ; ಮಾಲೀಕರ ಪರವಾಗಿ ನೀವಿರಬೇಕು ಎಂದರು.

“ನೀವು ಮಾಡಿ ನೋಡಿದವರು,” ಎಂದ ಅವರಲ್ಲಿ ಚಿಕ್ಕವನು. “ಏನು ಆಗಲ್ಲ ಅನ್ನೋದು ನಿಮಗೆ ಅನುಭವದಿಂದ ಗೊತ್ತಿದೆ. ಕಣ್ಣಿಲ್ಲದವರನ್ನ ಈ ಸಲ ಪಟ್ಟಿಗೇ ಸೇರಿಸೋದಿಲ್ಲ. ನಿಮ್ಮ ಗಿರಣಿಯ ಉದಾಹರಣೆಯನ್ನೇ ವರದಿಯಲ್ಲಿ ಬರೆದಿದ್ದೀವಿ.”

ಅವರು ಹೋದ ಮೇಲೆ ನಾನು ಕಟ್ಟಿದ ಬಿಲ್ಲೆಗಳನ್ನು ಇನ್ನೂ ಯಾರೂ ಬಿಚ್ಚಿಲ್ಲ ಎನ್ನಿಸಿತು. ಮುಂದೆಯೂ ಬಿಚ್ಚುವುದಿಲ್ಲ. ನಾನು ಸತ್ತ ಮೇಲೂ ಯಾವುದೋ ಊರಿನ ಯಾವುದೋ ಕುರುಡನಿಗೆ ಕೆಲಸವಿಲ್ಲ ಎನ್ನಲು ಅವು ಸಾಕು.

ಮಾರನೆಯ ದಿನ ಬೆಳಕವಾಡಿಗೆ ಹೋದೆ. ತನ್ನ ಅಣ್ಣನ ಮನೆಯ ಹಿತ್ತಿಲಿನಲ್ಲಿ ಕೂತು ಪುಟ್ಟತಾಯಮ್ಮ ರಾಗಿ ಬೀಸುತ್ತಿದ್ದಳು. ಊರಿನವರ ಮನೆಗಳ ರಾಗಿ. ನಾನು ಮಾತಾಡುವ ಮೊದಲೇ ಕಲ್ಲು ನಿಲ್ಲಿಸಿದಳು.

“ಮದ್ದೂರ್ ಬುದ್ದಿಯವ್ರು,” ಎಂದಳು. ಕೇಳಲಿಲ್ಲ, ಹೇಳಿದಳು.

“ಹೇಗೆ ಗೊತ್ತಾಯಿತು?”

“ನಸ್ಯದ ವಾಸ್ನೆ. ಅವತ್ತೂ ಅದೇ.”

ಹಾಗಾದರೆ ಅವತ್ತು ಅಮಲ್ದಾರರು ಕೇಳಿದಾಗಲೇ ನಿನಗೆ ಗೊತ್ತಿತ್ತೇ ಎಂದು ಕೇಳಿದೆ — ಮೂರ್ಖ ಪ್ರಶ್ನೆ.

“ಗೊತ್ತಿಲ್ದೆ ಏನು. ನಾ ಕೂಗ್ದಾಗ ಒಂದ್ ಸಲ ‘ಊಂ’ ಅಂದಿದ್ರೆ ಆಗ್ತಿತ್ತು. ಬೆಲ್ಟ್ ನೋಡಕ್ಕೆ ಬಂದ್ರು ಅಂದ್ಕತಿದ್ದೆ. ನೀವು ಉಸ್ರು ಕಟ್ಕಂಡ್ರಿ. ಆಗ ಗೊತ್ತಾಯ್ತು.”

ಮಾದಮ್ಮ ಎಲ್ಲಿ ಎಂದೆ.

“ಅವ್ವ ಓದ್ ವರ್ಸ ತೀರ್ಕಂಡ್ಲು. ಸಾಯೋಗಂಟ ನಿಮ್ಮ ಕಣನೇ ನೆನಸ್ಕತಿದ್ಲು. ನನ್ನಿಂದ ಕೆಲ್ಸ ಓಯ್ತು ಅಂತ ನನ್ಕೂಟೆ ಮಾತ್ ಬುಟ್ಟಿದ್ಲು.”

ತಾಯಿಗೆ ನೀನು ನಿಜ ಹೇಳಲಿಲ್ಲವೇ ಎಂದು ಕೇಳಿದೆ.

“ಯೋಳ್ದೆ. ನಂಬ್ನಿಲ್ಲ. ಬುದ್ದಿಯವ್ರು ಅಂಗೆಲ್ಲ ಮಾಡಕ್ಕಿಲ್ಲ ಅಂದ್ಲು.”

ನಾನು ಅಲ್ಲಿಯೇ ಮಣ್ಣಿನ ಮೇಲೆ ಕೂತೆ. ಸಮಿತಿಯ ವಿಷಯ ಹೇಳಿದೆ. ಮಂಡ್ಯಕ್ಕೆ ಬಾ, ಅವರೆಲ್ಲರ ಮುಂದೆ ನಾನೇ ಚೀಲ ಇಡಿಸುತ್ತೇನೆ, ನಿನ್ನ ಕೈ ಏನೆಂದು ಎಲ್ಲರಿಗೂ ತಿಳಿಯಲಿ ಎಂದೆ. ನಿನಗೆ ಮತ್ತೆ ಕೆಲಸ ಕೊಡುತ್ತೇನೆ ಎಂದೂ ಹೇಳಿದೆ. ಹೇಳುತ್ತಿರುವಾಗಲೇ ನನ್ನ ಮಾತು ನನಗೆ ಅಸಹ್ಯವಾಯಿತು, ಆದರೂ ಹೇಳಿ ಮುಗಿಸಿದೆ.

ಅವಳು ಕಲ್ಲಿನ ಗೂಟದ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು. ಕೋಪ ಮಾಡಲಿಲ್ಲ.

“ಇನ್ನೊಂದ್ ಸಲ ಪರೀಕ್ಸೆ ಕೊಡಕ್ಕೆ ನಾ ಬರಕ್ಕಿಲ್ಲ. ಕೊಟ್ಟಾಗದೆ.”

“ಹಾಗಾದರೆ ನಾನೇನು ಮಾಡಲಿ?”

“ನಂಗ್ಯಾಕೆ ಯೋಳಕ್ಕೆ ಬಂದ್ರಿ? ನಂಗೆ ಗೊತ್ತು. ಗೊತ್ತಿಲ್ದವ್ರಿಗೆ ಯೋಳೋಗಿ.”

ಅಷ್ಟು ಹೇಳಿ ಅವಳು ಕಲ್ಲು ತಿರುಗಿಸಲು ಶುರುಮಾಡಿದಳು. ಹಿಟ್ಟು ಸುತ್ತ ಬೀಳತೊಡಗಿತು. ನಾನು ಕೂತೇ ಇದ್ದೆನೋ ಎದ್ದು ಹೋದೆನೋ ಎಂಬುದು ಅವಳಿಗೆ ಬೇಕಾಗಿರಲಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಮೊದಲು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಮಾದಮ್ಮನನ್ನು ಬಲ್ಲವಳು. ಬಾಣಂತನದಲ್ಲಿ ಮಾದಮ್ಮನೇ ಅವಳಿಗೆ ನೀರು ಹಾಕಿದ್ದು. ಅವಳು ಎದ್ದು ಒಳಗೆ ಹೋದಳು. ಮೂರು ದಿನವಾಯಿತು, ತಟ್ಟೆ ಮುಂದಿಡುತ್ತಾಳೆ, ಮಾತಿಲ್ಲ. ಅಬ್ದುಲ್ ಸಾಹೇಬರಿಗೆ ನಿನ್ನೆ ಹೇಳಿದೆ. ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ನನ್ನನ್ನು ನೋಡಿದರು. “ಮೇಷ್ಟ್ರಿಗೆ ಹೇಳಬೇಕಾಗಿತ್ತು,” ಎಂದರು. ಚಹ ತರಿಸಲಿಲ್ಲ.

ಸೋಮವಾರ ಮಂಡ್ಯದಲ್ಲಿ ಸಮಿತಿಯ ಸಭೆ. ಇದನ್ನು ಮೊದಲಿನಿಂದ ಕೊನೆಯವರೆಗೆ ಅಲ್ಲಿ ಓದುತ್ತೇನೆ. ನೀರು ಹೊಯ್ಯಿಸಿದ್ದನ್ನೂ ಬಿಡುವುದಿಲ್ಲ, ಅದಕ್ಕೆ ಸರ್ಕಾರ ಏನು ಮಾಡುತ್ತದೋ ಮಾಡಲಿ. ವರದಿಯಿಂದ ನನ್ನ ಗಿರಣಿಯ ಸಾಲನ್ನು ಹೊಡೆದುಹಾಕಿ ನಡೆದದ್ದನ್ನು ಬರೆಯಿರಿ ಎನ್ನುತ್ತೇನೆ. ಕಣ್ಣಿಲ್ಲದವರನ್ನು ಪಟ್ಟಿಗೆ ಸೇರಿಸುವುದು ಬಿಡುವುದು ನನ್ನ ಕೈಯಲ್ಲಿಲ್ಲ. ನಾನು ಆ ಸಮಿತಿಯಲ್ಲಿ ಕೂರುವುದಿಲ್ಲ.

ಓದಿ ಮುಗಿಸಿದ ಮೇಲೆ ಅಲ್ಲಿ ಕ್ಷಮೆ ಕೇಳುವುದಿಲ್ಲ. ಕ್ಷಮಿಸುವ ಹಕ್ಕು ಆ ಕೋಣೆಯಲ್ಲಿರುವ ಯಾರಿಗೂ ಇಲ್ಲ.